ಅಜ್ಜನ ಲಾಳಿಯನ್ನು ಮರಳಿಸಿದ ತಾಯಿಯವರಿಗೆ

ಇಳಕಲ್ಲಿನಿಂದ ಹುಬ್ಬಳ್ಳಿಗೆ ಬಂದ ಬಸ್ಸಿನಲ್ಲಿ ನಾನು ಮರೆತುಬಿಟ್ಟಿದ್ದ ಚೀಲವನ್ನು ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಒಪ್ಪಿಸಿ, ಹೆಸರನ್ನೂ ಹೇಳದೆ ಹೊರಟುಹೋದ ತಾಯಿಯವರಿಗೆ ನಮ್ಮ ಮನೆತನದ ಹೃತ್ಪೂರ್ವಕ ಧನ್ಯವಾದಗಳು. ಅದರಲ್ಲಿದ್ದದ್ದು ತೀರಿಕೊಂಡ ನಮ್ಮ ಅಜ್ಜ ಮಗ್ಗದಲ್ಲಿ ಅಡ್ಡ ನೂಲು ಹಾಯಿಸುತ್ತಿದ್ದ ಲಾಳಿ ಮತ್ತು ಅವರು ನೇಯ್ದ ಕೊನೆಯ ಸೀರೆ.

ಅಜ್ಜ 50 ವರ್ಷಕ್ಕೂ ಹೆಚ್ಚು ಕಾಲ ಕುಣಿಮಗ್ಗದಲ್ಲಿ ದುಡಿದವರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ (ಉದ್ದುದ್ದ ಹಾಯುವ) ಎಳೆಗಳನ್ನು ಸೆರಗಿನ ರೇಷ್ಮೆ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕಾಗುತ್ತದೆ. ಕಣ್ಣು ಮಂಜಾದ ಮೇಲೂ ಅವರು ನಸುಕಿನಲ್ಲೇ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು, ತಪ್ಪಿದ ಎಳೆಯನ್ನು ಬೆರಳ ತುದಿಯಿಂದಲೇ ಹುಡುಕಿ ತೆಗೆಯುತ್ತಿದ್ದರು. ನಾವು ಮೊಮ್ಮಕ್ಕಳೆಲ್ಲ ಓದಿದ್ದು ಆ ದುಡಿಮೆಯಿಂದಲೇ. ಲಾಳಿಯ ಒಂದು ಮಗ್ಗುಲು ಅವರ ಹೆಬ್ಬೆರಳು ತಾಗಿ ತಾಗಿ ಇಂದಿಗೂ ನುಣುಪಾಗಿದೆ.

ಅಂದು ಜೋರು ಮಳೆಯಿತ್ತು. ಸೀರೆ ನೆನೆಯದಿರಲೆಂದು ತಾವು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಸೆರಗು ಒಳಗೆ ಬರುವಂತೆ ಮಡಿಸಿಟ್ಟಿದ್ದಿರಿ. ಸೀರೆಯ ಬೆಲೆ ಬಲ್ಲವರ ಕೈಯ ಮಡಿಕೆ ಅದು. ಅಜ್ಜಿ ಅದನ್ನು ಬಿಚ್ಚಿ, ಕೆಂಪು ಸೆರಗಿನ ಬಿಳಿ ತೋಪುತೆನೆ ವಿನ್ಯಾಸವನ್ನು ಬಹಳ ಹೊತ್ತು ಸವರಿ, ಕಣ್ಣಿಗೊತ್ತಿಕೊಂಡರು. ತಾವು ಎಂದಾದರೂ ಇಳಕಲ್ಲಿಗೆ ಬಂದರೆ ನಮ್ಮ ಮನೆಯಲ್ಲಿ ಊಟ ಮಾಡಿಕೊಂಡೇ ಹೋಗಬೇಕೆಂಬುದು ಅವರ ಕೋರಿಕೆ.