ಬಿತ್ತುವ ಮುಂಚೆ ಹೇಳಿ

ಸಂಪಾದಕರೇ, ನಮಸ್ಕಾರ.

2025ರ ಡಿಸೆಂಬರ್ 4ರ ಸಂಜೆ ಪುಟಿನ್ ದೆಹಲಿಗೆ ಬಂದರು. ಮೋದಿಯವರು ವಿಮಾನ ನಿಲ್ದಾಣಕ್ಕೇ ಹೋಗಿ ಅಪ್ಪಿಕೊಂಡರು, ಇಬ್ಬರೂ ಒಂದೇ ಕಾರಿನಲ್ಲಿ ಕೂತು ಹೋದರು. ಮರುದಿನ ನಿಮ್ಮ ಮುಖಪುಟದಲ್ಲಿ ಅದೇ ಫೋಟೊ, ದೊಡ್ಡದಾಗಿ. ಚೆನ್ನಾಗಿತ್ತು ಬಿಡಿ, ನಮ್ಮೂರ ಹೋಟೆಲ್‌ನಲ್ಲಿ ಆ ಪೇಪರ್ ಸಂಜೆವರೆಗೂ ಕೈಯಿಂದ ಕೈಗೆ ತಿರುಗಿತು. ಆದರೆ ಆಗಸ್ಟ್‌ನಲ್ಲಿ ಹತ್ತಿಯ ಆಮದು ಸುಂಕ ತೆಗೆದುಹಾಕಿದ ಸುದ್ದಿ ನಿಮ್ಮಲ್ಲಿ ಬಂದಿದ್ದು ಒಳಪುಟದ ಮೂಲೆಯಲ್ಲಿ, ನಾಲ್ಕೇ ಸಾಲು. ನಾನು ಅದನ್ನು ಓದಿದ್ದು ಹತ್ತಿ ಮಾರಿದ ಮೇಲೆ. ಅದೂ ಮಿರ್ಚಿ ಕಟ್ಟಿಕೊಟ್ಟ ಎಣ್ಣೆ ಹತ್ತಿದ ಹಾಳೆಯಲ್ಲಿ.

ನಮ್ಮದು ಮಾನ್ವಿ ತಾಲ್ಲೂಕು. 6 ಎಕರೆ ಎರೆ ಹೊಲ, ಹತ್ತಿ ಬಿಟ್ಟರೆ ಸ್ವಲ್ಪ ತೊಗರಿ. ಜೂನ್ ಕೊನೆಗೆ ಬಿತ್ತಿದೆವು. ಆಗ ಹೊರದೇಶದ ಹತ್ತಿಗೆ 11 ಪರ್ಸೆಂಟ್ ಸುಂಕ ಇತ್ತು. 2021ರ ಬಜೆಟ್‌ನಿಂದ ಬಂದದ್ದು, ನಡುವೆ 2022ರಲ್ಲಿ ಕೆಲವು ತಿಂಗಳು ಮಾತ್ರ ಇರಲಿಲ್ಲ. ಸರಿ, ಇಷ್ಟಾದರೂ ತಡೆ ಇದೆಯಲ್ಲ ಅಂತ ಸಾಲ ಮಾಡಿ ಬೀಜ ತಂದೆವು, ಸಾಲು ನಿಂತು ಯೂರಿಯಾ ತಂದೆವು. ಗಿಡ ಹೂವಾಡುವ ಹೊತ್ತಿಗೆ, ಆಗಸ್ಟ್ 19ರಿಂದ, ಸುಂಕ ಪೂರ್ತಿ ಹೋಯಿತು. ಮೊದಲು ಸೆಪ್ಟೆಂಬರ್ 30ರವರೆಗೆ ಮಾತ್ರ ಅಂದರು. ಆಗಸ್ಟ್ 27ಕ್ಕೆ ಅಮೆರಿಕದವರು ನಮ್ಮ ಸರಕಿನ ಮೇಲಿನ ತೆರಿಗೆಯನ್ನು 50 ಪರ್ಸೆಂಟ್‌ಗೆ ಏರಿಸಿದರು, ಮರುದಿನವೇ ಇಲ್ಲಿ ಹತ್ತಿ ಸುಂಕದ ವಿನಾಯಿತಿ ಡಿಸೆಂಬರ್ 31ರವರೆಗೆ ಮುಂದಕ್ಕೆ ಹೋಯಿತು.

ಅಂದರೆ ಲೆಕ್ಕ ಹೀಗೆ. ರಷ್ಯಾದ ಎಣ್ಣೆ ಕೊಂಡಿದ್ದಕ್ಕೆ ಅಮೆರಿಕಕ್ಕೆ ಸಿಟ್ಟು, ಆ ಸಿಟ್ಟಿನ ಏಟು ತಮಿಳುನಾಡಿನ ತಿರುಪ್ಪೂರಿನಿಂದ ಅಲ್ಲಿಗೆ ಹೋಗುವ ಬಟ್ಟೆಗೆ, ಆ ಏಟಿಗೆ ಹಚ್ಚುವ ಅಗ್ಗದ ಹತ್ತಿಯೆಂಬ ಮುಲಾಮಿನ ಖರ್ಚು ನಮ್ಮ ಹೊಲದ್ದು. ಇಬ್ಬರೂ ನಮಗೆ ಸ್ನೇಹಿತರೇ ಅಂತೆ, ಅಲ್ವಾ?

ನವೆಂಬರ್‌ನಲ್ಲಿ ರಾಯಚೂರು ಗಂಜ್‌ಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ಹತ್ತಿ ಒಯ್ದೆವು. ಗದ್ವಾಲ ಕಡೆಯಿಂದಲೂ ಗಾಡಿಗಳು ಬಂದಿದ್ದವು, ಕಾಲಿಡಲು ಜಾಗ ಇಲ್ಲ. ದಲಾಲಿ ಅಂಗಡಿಯವರು ನಮಗೆ ಇಪ್ಪತ್ತು ವರ್ಷದ ಪರಿಚಯ, ಅಪ್ಪನನ್ನು ಕಾಕಾ ಅಂತಲೇ ಕರೆಯುತ್ತಾರೆ. 'ಕಾಕಾ, ಅಮೆರಿಕದ್ದು ಏನೋ ಗದ್ಲ ಆಗ್ಯಾದಂತ, ಮಿಲ್ಲಿನವ್ರು ಎತ್ತವಲ್ರು, ನಾ ಏನು ಮಾಡ್ಲಿ' ಅಂದರು. ಕ್ವಿಂಟಲ್‌ಗೆ 6,900 ಸಿಕ್ಕಿತು. ಉದ್ದ ಎಳೆಯ ಹತ್ತಿಗೆ 2025-26ರ ಸರ್ಕಾರಿ ಬೆಂಬಲ ಬೆಲೆ 8,110. ಹಾಗಾದರೆ ಸರ್ಕಾರಿ ಖರೀದಿ ಕೇಂದ್ರಕ್ಕೆ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀರಿ. ತೇವಾಂಶ 12 ಪರ್ಸೆಂಟ್ ದಾಟಿದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ, 8 ದಾಟಿದರೇ ದುಡ್ಡು ಮುರಿಯುತ್ತಾರೆ. ಸೆಪ್ಟೆಂಬರ್‌ನಲ್ಲಿ ಬಿದ್ದ ಮಳೆ ನೋಡಿದವರಿಗೆ ನಮ್ಮ ಹತ್ತಿ ಹೇಗಿತ್ತು ಅಂತ ಹೇಳಬೇಕಿಲ್ಲ. ಬಿಡಿಸಿದ ಹೆಣ್ಣಾಳುಗಳಿಗೆ ಕೂಲಿ ಕೊಡಬೇಕಲ್ಲ, ಅದಕ್ಕೆ ಅವತ್ತೇ ಮಾರಿ ಬಂದೆವು, ಹತ್ತಿಯಲ್ಲಿ ಅರ್ಧ ಮಾತ್ರ.

ಸುಂಕ ಇಳಿಸಿದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ನಮ್ಮ ಮಾವನ ಮಗ ಬಳ್ಳಾರಿ ಕೌಲ್ ಬಜಾರ್‌ನಲ್ಲಿ ಜೀನ್ಸ್ ಹೊಲಿಯುತ್ತಾನೆ. ನೂಲು ಅಗ್ಗವಾದರೆ ಬಟ್ಟೆ ಅಗ್ಗ, ಬಟ್ಟೆ ಅಗ್ಗವಾದರೆ ನನಗೆ ಜಾಸ್ತಿ ಕೆಲಸ ಅಂತಾನೆ ಅವನು. ಅವನದೂ ಹೊಟ್ಟೆ. ಜುಲೈನಲ್ಲಿ ಬ್ರಿಟನ್ ಜೊತೆ ಆದ ಒಪ್ಪಂದದಲ್ಲಿ ನಮ್ಮ ಸಿದ್ಧ ಉಡುಪಿಗೆ ಅಲ್ಲಿ ಸುಂಕ ಇರುವುದಿಲ್ಲ ಅಂತ ಬಂದಾಗ ನನಗೂ ಖುಷಿಯಾಗಿತ್ತು.

ಆದರೆ ದೊಡ್ಡ ದೇಶಗಳು ತಮ್ಮತಮ್ಮಲ್ಲಿ ಹೇಗೆ ನಡೆದುಕೊಳ್ಳುತ್ತವೆ ಅಂತಲೂ ನೋಡಿ. ಅಮೆರಿಕ–ಜಪಾನ್ ರಕ್ಷಣಾ ಒಪ್ಪಂದ 1960ರದ್ದು, ಅಮೆರಿಕದ ಸೈನಿಕರು ಇವತ್ತಿಗೂ ಜಪಾನಿನಲ್ಲಿದ್ದಾರೆ. ಅದಕ್ಕಿಂತ ದೊಡ್ಡ ದೋಸ್ತಿ ಏನಿದೆ? ಆದರೂ ಜಪಾನಿನ ನಿಪ್ಪಾನ್ ಸ್ಟೀಲ್ ಅಮೆರಿಕದ ಉಕ್ಕಿನ ಕಂಪನಿ ಕೊಳ್ಳಲು ಹೋದಾಗ ದೇಶದ ಭದ್ರತೆ ಅಂತ ಬೈಡನ್ ಅಡ್ಡ ಹಾಕಿದರು, ಒಂದೂವರೆ ವರ್ಷ ಎಳೆದಾಡಿ 2025ರ ಜೂನ್‌ನಲ್ಲಿ ಮುಗಿಯಿತು. ಜುಲೈನಲ್ಲಿ ಟ್ರಂಪ್ ಜೊತೆ ಮಾತಿಗೆ ಕೂತ ಜಪಾನಿನವರು 15 ಪರ್ಸೆಂಟ್ ತೆರಿಗೆಗೆ ಒಪ್ಪಿದರು, 55,000 ಕೋಟಿ ಡಾಲರ್ ಬಂಡವಾಳಕ್ಕೂ ಒಪ್ಪಿದರು. ಅಕ್ಕಿಯ ವಿಷಯ ಬಂದಾಗ ಮಾತ್ರ ಬೇರೆ ಲೆಕ್ಕ. ವರ್ಷಕ್ಕೆ 7.7 ಲಕ್ಷ ಟನ್ ಅಕ್ಕಿ ಸುಂಕವಿಲ್ಲದೆ ತರಿಸುವ ಹಳೇ ಮಿತಿ ಇದೆ, ಅದರೊಳಗೇ ಅಮೆರಿಕದ ಪಾಲು ಹೆಚ್ಚಿಸುತ್ತೇವೆ, ಮಿತಿ ದಾಟುವುದಿಲ್ಲ ಅಂದರು. ಅಪ್ಪನಿಗೆ ಇದನ್ನು ಹೇಳಿದೆ. 'ಭತ್ತದವರಿಗೆ ಹೇಳು, ಸಿಂಧನೂರಿನವರು ಕೇಳ್ಲಿ' ಅಂತ ನಕ್ಕರು.

ಹತ್ತಿಯಲ್ಲೂ ಇಂಥ ಮಿತಿ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. 2022ರ ಕೊನೆಗೆ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಲ್ಲಿ ಸುಂಕವಿಲ್ಲದ ಹತ್ತಿ ವರ್ಷಕ್ಕೆ 3 ಲಕ್ಷ ಬೇಲ್ (ಒತ್ತಿ ಕಟ್ಟಿದ ಹತ್ತಿ ಮೂಟೆ) ಅಂತ ಬರೆದಿಟ್ಟಿದ್ದಾರೆ. ಅದು ನಮಗೂ ಲೆಕ್ಕ ಹಾಕಲು ಬರುತ್ತದೆ, ಮಿಲ್ಲಿನವರಿಗೂ ಬರುತ್ತದೆ. ಆಗಸ್ಟ್‌ನಲ್ಲಿ ಮಾಡಿದ್ದಕ್ಕೆ ಮಿತಿಯೂ ಇಲ್ಲ, ಮುನ್ಸೂಚನೆಯೂ ಇಲ್ಲ. ಯಾರ ಜೊತೆ ಏನು ಒಪ್ಪಂದ ಬೇಕಾದರೂ ಮಾಡಿಕೊಳ್ಳಲಿ, ಆದರೆ ಸುಂಕ ಇಳಿಸುವುದಿದ್ದರೆ ಮೇ ತಿಂಗಳಲ್ಲಿ ಹೇಳಲಿ. ಆಗ ನಾವು ಎರಡು ಎಕರೆ ಹತ್ತಿ ಕಡಿಮೆ ಮಾಡಿ ತೊಗರಿ ಹಾಕುತ್ತಿದ್ದೆವು. ನಿಂತ ಬೆಳೆಯನ್ನು ಬದಲಾಯಿಸಲು ಬರುತ್ತದಾ?

ನಿಮ್ಮಲ್ಲೂ ಒಂದು ಕೇಳಿಕೆ. ಗಂಜ್ ಧಾರಣೆ ಹಾಕುವ ಕಾಲಂ ಇದೆಯಲ್ಲ, ಅದರ ಪಕ್ಕದಲ್ಲೇ ಹತ್ತಿ, ಖಾದ್ಯ ತೈಲ, ತೊಗರಿ ಇವುಗಳ ಆಮದು ಸುಂಕ ಇವತ್ತು ಎಷ್ಟು, ಎಲ್ಲಿಯವರೆಗೆ ಅಂತ ಒಂದು ಸಾಲು ಹಾಕಿ. 2025ರ ಡಿಸೆಂಬರ್ 31ಕ್ಕೆ ಈ ವಿನಾಯಿತಿ ಮುಗಿಯಬೇಕಿತ್ತು. ಮುಗಿಯಿತೋ, ಮತ್ತೆ ಮುಂದಕ್ಕೆ ಹೋಯಿತೋ, ಯಾವುದಾದರೂ ಮುಖಪುಟದಲ್ಲಿ ಬರಲಿ. ಉಳಿದರ್ಧ ಹತ್ತಿ ಪಡಸಾಲೆ ತುಂಬ ಇದೆ, ಅಪ್ಪ ಅದರ ಪಕ್ಕದಲ್ಲೇ ಹಾಸಿಕೊಂಡು ಮಲಗುತ್ತಿದ್ದಾರೆ.

ಇಂತಿ,
ಒಬ್ಬ ಹತ್ತಿ ಬೆಳೆಗಾರ
ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ