ಗುಡ್ಡೇಕೇರಿ ದಾರಿಯಲ್ಲಿ ಸಿಕ್ಕ ಅಮ್ಮನಿಗೆ

ನಮ್ಮ ಕರಿಯನ ಹುಟ್ಟುಹಬ್ಬ ಅಂತ ಶಿವಮೊಗ್ಗದಿಂದ ಕುಂದಾದ್ರಿಗೆ ಹೊರಟಿದ್ದೆವು. ಅವನೋ, ಕಾಲು ನೆಲದ ಮೇಲೆ ನಿಲ್ಲದ ನಾಯಿ. ಗುಡ್ಡೇಕೇರಿ ದಾಟಿ ಕಾರು ನಿಲ್ಲಿಸಿದ್ದೇ ತಡ, ಒದ್ದೆ ತರಗೆಲೆಯೊಳಗೆ ನುಗ್ಗಿದ. ವಾಪಸ್ ಬಂದವನು ಸೀನಿದ್ದೇ ಸೀನಿದ್ದು. ಮೂಗಲ್ಲಿ ರಕ್ತ. ಉಂಬಳ, ಅಂದ್ರೆ ರಕ್ತ ಹೀರುವ ಕಾಡು ಜಿಗಣೆ, ಒಳಗೇ ಸೇರಿಕೊಂಡಿತ್ತು!

ಸೊಪ್ಪಿನ ಹೊರೆ ಇಳಿಸಿ ನೀವು "ಎಳೀಬೇಡಿ" ಅಂದಿರಿ. ಚೊಂಬಲ್ಲಿ ತಣ್ಣೀರು ತಂದು ಅವನ ಮೂಗಿನ ಕೆಳಗೇ ಹಿಡಿದಿರಿ. ಸ್ವಲ್ಪ ಹೊತ್ತಿಗೆ ನೀರಿನಾಸೆಗೆ ಉಂಬಳ ಮೆಲ್ಲಗೆ ತಲೆ ಹೊರಗೆ ಹಾಕಿತು. ಉಪ್ಪು ಸವರಿದ ಬಟ್ಟೆಯಲ್ಲಿ ಹಿಡಿದು ತೆಗೆದೇಬಿಟ್ಟಿರಿ. ಕರಿಯ ಯಾರಿಗೂ ಮೂಗು ಮುಟ್ಟಲು ಬಿಡುವವನಲ್ಲ, ನಿಮ್ಮ ಮುಂದೆ ಮಾತ್ರ ಸುಮ್ನೆ ಕೂತಿದ್ದ.

ಹೆಸರು ಕೇಳುವಷ್ಟರಲ್ಲಿ ಹೊರಟುಬಿಟ್ಟಿರಿ. ತುಂಬಾ ಥ್ಯಾಂಕ್ಸ್ ಅಮ್ಮ. ಆಮೇಲೆ ಅವನು ಬೆಟ್ಟದ ಮೇಲಿನ ಬಸದಿ ಹತ್ತಿರದವರೆಗೂ ನಮ್ಮನ್ನು ಎಳೆದುಕೊಂಡೇ ಹೋದ.