150 ನ್ಯಾನೋಮೀಟರ್ ಕಣದ ಹಿಂದೆ ನಿಂತವರಿಗೆ

ಶಿವಮೊಗ್ಗದ ನಮ್ಮ ಗುಂಪಿನ ಸಂಶೋಧಕಿಯ ಪಿಎಚ್‌ಡಿ ಮೌಖಿಕ ಪರೀಕ್ಷೆ ಕಳೆದ ವಾರ ಮುಗಿಯಿತು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧವನ್ನು 150 ನ್ಯಾನೋಮೀಟರ್ (ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಆಸುಪಾಸಿನ ನ್ಯಾನೋ ಕಣಗಳಲ್ಲಿ ತುಂಬಿ ಬಾಯಿ ಕ್ಯಾನ್ಸರ್ ಜೀವಕೋಶಗಳಿಗೆ ಮುಟ್ಟಿಸುವುದು ವಿಷಯ. ಮಾರ್ಗದರ್ಶಕರಿಗೂ ಮನೆಯವರಿಗೂ ಪ್ರಬಂಧದ ಮೊದಲ ಪುಟದಲ್ಲೇ ವಂದನೆ ಅಚ್ಚಾಗಿದೆ. ಅಲ್ಲಿ ಜಾಗ ಸಿಗದವರಿಗೆ ಇದು.

ಮೊದಲು ಕೊಠಡಿ ಒರೆಸುವ ಅಕ್ಕನಿಗೆ. ಕಣದ ಗಾತ್ರ ಅಳೆಯುವ ಯಂತ್ರ ನೋಡುವುದು ಚದುರಿದ ಬೆಳಕನ್ನು. ಇಷ್ಟು ಸಣ್ಣ ಕಣಗಳಲ್ಲಿ ಆ ಬೆಳಕು ಹೆಚ್ಚುಕಡಿಮೆ ವ್ಯಾಸದ ಆರನೇ ಘಾತದಂತೆ ಏರುತ್ತದೆ. ವ್ಯಾಸ ಎರಡು ಪಟ್ಟಾದರೆ ಬೆಳಕು 64 ಪಟ್ಟು. ಹಾಗಾಗಿ ತೇಲಿ ಬಂದ ನಾಲ್ಕು ಧೂಳಿನ ಚೂರು ಬಿದ್ದರೂ ಸಾಕು, ಅಸಲಿ ಕಣಗಳ ಲೆಕ್ಕವೇ ಮುಚ್ಚಿಹೋಗುತ್ತದೆ. ಅಳತೆಯ ದಿನ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಲ್ಲೇ ನೆಲ ಒರೆಸಿದವರು ಅವರು. ಗಾತ್ರದ ಹರವಿನ ಸೂಚ್ಯಂಕ (ಕಡಿಮೆಯಾದಷ್ಟೂ ಕಣಗಳು ಒಂದೇ ಗಾತ್ರದವು ಎಂದರ್ಥ) 0.2ರೊಳಗೆ ನಿಂತದ್ದರಲ್ಲಿ ಅವರ ಪಾಲೂ ಇದೆ.

ಕಣ ಮಾಡುವ ಕೆಲಸ ಹೇಳಲು ಸುಲಭ. 50 ಮಿ.ಗ್ರಾಂ ಪಿಎಲ್‌ಜಿಎ (ದೇಹದೊಳಗೆ ನಿಧಾನವಾಗಿ ಕರಗಿಹೋಗುವ ಪಾಲಿಮರ್), 5 ಮಿ.ಗ್ರಾಂ ಔಷಧ, ಎರಡನ್ನೂ 5 ಮಿ.ಲೀ. ಅಸಿಟೋನಿನಲ್ಲಿ ಕರಗಿಸಿ, ಶೇ. 1 ಪಿವಿಎ (ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವ ಇನ್ನೊಂದು ಪಾಲಿಮರ್) ಇರುವ 20 ಮಿ.ಲೀ. ನೀರಿಗೆ ಕಲಕುತ್ತಾ ಹನಿಹನಿಯಾಗಿ ಬಿಡುವುದು. ಅಸಿಟೋನ್ ಆರಿದಂತೆ ಕಣ ಗಟ್ಟಿಯಾಗುತ್ತದೆ. ಔಷಧದ ಆಸೆಗೆ 5ರ ಬದಲು 10 ಮಿ.ಗ್ರಾಂ ಹಾಕಿದರೆ ಹೆಚ್ಚಾದದ್ದು ಕಣದೊಳಗೆ ಕೂರದೆ ಸೂಜಿಯಂಥ ಹರಳಾಗಿ ಹೊರಗೇ ಉಳಿಯಬಹುದು. ಕೈಯಲ್ಲಿ ಹನಿಸಿದರೆ ಒಂದು ಬ್ಯಾಚ್ ಇನ್ನೊಂದರಂತೆ ಬರುವುದಿಲ್ಲ; ಒಂದೇ ವೇಗದಲ್ಲಿ ಹನಿಸುವ ಸಿರಿಂಜ್ ಪಂಪ್ ಕೆಟ್ಟಾಗ ಅದನ್ನು ಎರಡು ಸಲ ಬಿಚ್ಚಿ ಸರಿಮಾಡಿಕೊಟ್ಟ ರಿಪೇರಿ ಅಂಗಡಿಯವರಿಗೆ ಅದಕ್ಕೇ ನಮಸ್ಕಾರ.

ನಿಜವಾದ ಕಷ್ಟ ಒಣಗಿಸುವುದರಲ್ಲಿ. ಕಣಗಳನ್ನು ಹಾಗೇ ಹೆಪ್ಪುಗಟ್ಟಿಸಿದರೆ ಮಂಜಿನ ಹರಳುಗಳು ಅವನ್ನು ಒತ್ತಿ ಒಂದಕ್ಕೊಂದು ಅಂಟಿಸಿಬಿಡುತ್ತವೆ. ಅದಕ್ಕೇ ಶೇ. 5ರಷ್ಟು ಟ್ರೆಹಲೋಸ್ ಸಕ್ಕರೆ ಬೆರೆಸಿ, ಹೆಪ್ಪುಗಟ್ಟಿದ್ದನ್ನು ನಿರ್ವಾತದಲ್ಲಿ ಒಣಗಿಸುವ ಫ್ರೀಜ್ ಡ್ರೈಯರಿನಲ್ಲಿ 48 ಗಂಟೆ ಇಡುವುದು. ನಡುವೆ ಕರೆಂಟು ಹೋಗಿ ನಿರ್ವಾತ ಬಿಟ್ಟುಹೋದರೆ ಮಂಜು ಕರಗಿ, ಪುಡಿಯಾಗಬೇಕಿದ್ದದ್ದು ಅಂಟುಂಡೆಯಾಗುತ್ತದೆ. ಮಲೆನಾಡಿನ ಆಷಾಢದಲ್ಲಿ ಎರಡು ದಿನ ಒಂದೇ ಸಮನೆ ಕರೆಂಟು ಅಂದರೆ ಸಣ್ಣ ಮಾತಲ್ಲ! ನಡುರಾತ್ರಿ ಎದ್ದು ಜನರೇಟರ್ ಹಾಕಿದ ಅಣ್ಣನಿಗೆ, ಗಾಳಿಮಳೆಯಲ್ಲಿ ಕಂಬ ಹತ್ತಿದ ಮೆಸ್ಕಾಂ ಲೈನ್‌ಮನ್‌ಗಳಿಗೆ ಕೈಮುಗಿಯುತ್ತೇವೆ. ಸಾಗರ ರಸ್ತೆಯ ಮೆಕ್ಯಾನಿಕ್ ಅಣ್ಣನಿಗೂ. ನಿರ್ವಾತ ಪಂಪಿನ ಎಣ್ಣೆಗೆ ನೀರಾವಿ ಸೇರಿದರೆ ಎಣ್ಣೆ ಬೆಳ್ಳಗಾಗಿ ಎಳೆತ ಸಾಲದಾಗುತ್ತದೆ. ಬಣ್ಣ ನೋಡಿಯೇ ಅದನ್ನು ಹೇಳಿದವರು ಅವರು. ಕೈಪಿಡಿ ಆಮೇಲೆ ತೆರೆದದ್ದು.

ಬೆಂಗಳೂರಿಗೆ ಮಾದರಿ ಒಯ್ದ ರಾತ್ರಿ ಬಸ್ಸಿನ ಕಂಡಕ್ಟರ್‌ಗಳನ್ನು ಮರೆಯುವಂತಿಲ್ಲ. ದ್ರವ ಮಾದರಿ 4 ಡಿಗ್ರಿಯ ಆಸುಪಾಸಿನಲ್ಲಿರಬೇಕು, ಹೆಪ್ಪುಗಟ್ಟಬಾರದು. ಥರ್ಮಕೋಲ್ ಡಬ್ಬಿಯಲ್ಲಿ ಐಸ್ ಪ್ಯಾಕಿಗೂ ಟ್ಯೂಬಿಗೂ ನಡುವೆ ದಪ್ಪ ಬಟ್ಟೆ ಇಟ್ಟದ್ದು ಅದಕ್ಕೆ. ಎಂಜಿನ್ ಬಿಸಿ ತಾಗದ ಜಾಗ ಹುಡುಕಿಕೊಟ್ಟವರು ಅವರು.

ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಂಥ ಭಂಡಾರದಿಂದಲೇ ಕೋಶಗಳನ್ನು ತರಿಸಿ, ಡಿಎನ್‌ಎ ಗುರುತು ವರದಿ ತೋರಿಸಿ ಎಂದು ಪಟ್ಟು ಹಿಡಿದ ಮೇಷ್ಟ್ರಿಗೆ ವಿಶೇಷ ಕೃತಜ್ಞತೆ. ಬಾಯಿ ಕ್ಯಾನ್ಸರಿನದೆಂದು ದಶಕಗಳಿಂದ ಬಳಕೆಯಲ್ಲಿರುವ ಕೆಬಿ ಎಂಬ ಕೋಶಗಳು ಅಸಲಿಗೆ ಹೀಲಾ, ಅಂದರೆ 1951ರಲ್ಲಿ ತೆಗೆದ ಗರ್ಭಕಂಠ ಕ್ಯಾನ್ಸರಿನ ಕೋಶಗಳು. ಔಷಧವಿಲ್ಲದ ಖಾಲಿ ಕಣವನ್ನೂ ಪರೀಕ್ಷಿಸಿ ಎಂದವರೂ ಅವರೇ. ಅದಿಲ್ಲದೆ ಕೋಶ ಸತ್ತದ್ದು ಔಷಧದಿಂದಲೋ ಉಳಿದ ಪಿವಿಎಯಿಂದಲೋ ಗೊತ್ತಾಗುವುದಿಲ್ಲ.

ಬಾಯಿ ಕ್ಯಾನ್ಸರೇ ಏಕೆ ಎಂದು ಇಲ್ಲಿ ಯಾರೂ ಕೇಳಲಿಲ್ಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2004ರ ವರದಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದವುಗಳ ಸಾಲಿನಲ್ಲಿಟ್ಟಿದೆ. ಅಡಿಕೆ ದರ ಏರಿದರೆ ಖುಷಿಪಡುವ ಊರಿನಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇವೆ. ಕವಳ ಪಕ್ಕಕ್ಕಿಟ್ಟು ನಮ್ಮ ಮಾತು ಕೇಳಿಸಿಕೊಂಡ ತೋಟದ ಮನೆಗಳ ಹಿರಿಯರಿಗೆ ಋಣಿ.

"ಆ ಔಷಧ ನಮಗೂ ಸಿಗುತ್ತಾ?" ಎಂದು ವಿಚಾರಿಸಿದ ಮನೆಯವರಿಗೆ ನೇರ ಉತ್ತರ: ಇಲ್ಲ. ಇದು ತಟ್ಟೆಯಲ್ಲಿ ಬೆಳೆದ ಕೋಶಗಳ ಮೇಲಿನ ಕೆಲಸ, ಪ್ರಾಣಿಗಳಿಗೂ ಕೊಟ್ಟಿಲ್ಲ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟಿಗೆ ನೋಡಿದ 2016ರ ವಿಶ್ಲೇಷಣೆಯಲ್ಲಿ, ಚುಚ್ಚಿದ ನ್ಯಾನೋ ಕಣಗಳಲ್ಲಿ ಗಡ್ಡೆ ಮುಟ್ಟಿದ್ದು ಮಧ್ಯಕ ಲೆಕ್ಕಕ್ಕೆ ಶೇ. 0.7 ಮಾತ್ರ. ಇದೇ ಔಷಧದ ಆಲ್ಬುಮಿನ್ (ರಕ್ತದಲ್ಲಿರುವ ಒಂದು ಪ್ರೋಟೀನ್) ಕಣರೂಪಕ್ಕೆ ಅಮೆರಿಕದಲ್ಲಿ 2005ರಲ್ಲೇ ಒಪ್ಪಿಗೆ ಸಿಕ್ಕಿದೆ. ಹಳೆಯ ಇಂಜೆಕ್ಷನ್ನಿನಲ್ಲಿ ಅಲರ್ಜಿ ತರುತ್ತಿದ್ದ, ಹರಳೆಣ್ಣೆಯಿಂದ ಮಾಡಿದ ದ್ರಾವಕ ಅದರಲ್ಲಿಲ್ಲ. ಯಾವುದು ಯಾರಿಗೆ ಎಂದು ಹೇಳಬೇಕಾದವರು ನಿಮ್ಮ ವೈದ್ಯರು. ನಡೆಯುತ್ತಿರುವ ಚಿಕಿತ್ಸೆ ಬಿಡಬೇಡಿ.

ಕೊನೆಗೆ ಸ್ಟೋರಿನ ಅಣ್ಣ. ಮೈನಸ್ 20 ಡಿಗ್ರಿಯಿಂದ ತೆಗೆದ ಪಿಎಲ್‌ಜಿಎ ಬಾಟಲಿಯನ್ನು ಮಳೆಗಾಲದಲ್ಲಿ ತಕ್ಷಣ ತೆರೆದರೆ ಒಳಗೆ ಇಬ್ಬನಿ ಕೂರುತ್ತದೆ. ನೀರು ಪಾಲಿಮರ್ ಸರಪಳಿಯನ್ನು ಕಡಿಯುತ್ತಾ ಹೋಗುತ್ತದೆ. "ಒಂದು ಗಂಟೆ ಹೊರಗಿಟ್ಟು ತೆರೆಯಿರಿ" ಎಂದು ಪ್ರತಿ ಬಾಟಲಿಗೂ ಚೀಟಿ ಅಂಟಿಸಿದವರು ಅವರು. ಉಳಿದ ಪಾಲಿಮರ್ ಮುಂದಿನ ವಿದ್ಯಾರ್ಥಿಗಳಿಗೆ ಹೋಗುತ್ತಿದೆ, ಚೀಟಿಯ ಸಮೇತ.